ಐದನೆಯ ಗೆರೆ

ಸವಳಂಗ ರಸ್ತೆ, ಶಿವಮೊಗ್ಗ
18-11-1996

ಅಪ್ಪನಿಗೆ ಯೋಗರಾಜನ ನಮಸ್ಕಾರ.

ಮನೆ ಬಿಟ್ಟ ಮೇಲೆ ಇದು ಮೊದಲ ಕಾಗದ. ಎಲ್ಲಿದ್ದೇನೋ ಎಂದು ಅಮ್ಮ ಹೆದರಿರಬಹುದು, ಅದಕ್ಕೆ ಬರೆಯುತ್ತಿದ್ದೇನೆ. ತಪ್ಪಾಯಿತು ಎನ್ನುವುದಕ್ಕಲ್ಲ. ಶಾಲೆಯ ಗಡಿಯಾರ ನಾನು ಕದ್ದಿಲ್ಲ. ಹೆಡ್‌ಮಾಸ್ಟರಿಗೂ ಅದನ್ನೇ ಹೇಳಿದೆ, ನಿಮಗೂ ಅದನ್ನೇ ಹೇಳಿದೆ. ಒಂದು ಸಲ ತಪ್ಪಾಯ್ತು ಅಂದುಬಿಡು, ಪರೀಕ್ಷೆಗೆ ಕೂರಿಸುತ್ತಾರೆ ಎಂದಿರಿ. ಅವರು ನಂಬದೇ ಇದ್ದದ್ದು ನನಗೆ ಅಷ್ಟು ಬೇಜಾರಾಗಲಿಲ್ಲ. ನೀವು ಮಾತ್ರ, ಕದ್ದಿದ್ದೀಯಾ ಎಂದು ಒಂದು ಮಾತು ಕೇಳಲೂ ಇಲ್ಲ.

ಇರಲಿ. ಇಲ್ಲಿ ಶಿವಮೂರ್ತಪ್ಪ ಎನ್ನುವವರ ರೇಡಿಯೋ ರಿಪೇರಿ ಅಂಗಡಿಯಲ್ಲಿದ್ದೇನೆ. ಮಲಗುವುದೂ ಅಂಗಡಿಯ ಹಿಂದಿನ ಕೋಣೆಯಲ್ಲೇ. ಊಟ ಹೊಸಮನೆ ಬಡಾವಣೆಯಲ್ಲಿರುವ ಅವರ ಮನೆಯಲ್ಲಿ. ಬೆಸುಗೆ ಕೆಲಸ ಕಲಿಯುತ್ತಿದ್ದೇನೆ, ಆದರೆ ಅವರು ನನ್ನನ್ನು ಇಟ್ಟುಕೊಂಡಿರುವುದು ಮುಖ್ಯವಾಗಿ ಸ್ಕೋರು ಬರೆಯುವುದಕ್ಕೆ. ಅಂಗಡಿಯ ಮುಂದೆ ಒಂದು ಕರಿಹಲಗೆ ಇದೆ. ಕ್ರಿಕೆಟ್ ಇದ್ದ ದಿನ ನಾನು ಒಳಗೆ ರೇಡಿಯೋ ಕೇಳಿಕೊಂಡು, ಹೊರಗೆ ಬಂದು ಬರೆಯಬೇಕು. ಜನ ನಿಲ್ಲುತ್ತಾರೆ. ನಿಂತವರಲ್ಲಿ ಒಬ್ಬಿಬ್ಬರಿಗೆ ತಮ್ಮ ಮನೆಯ ಕೆಟ್ಟ ರೇಡಿಯೋ ನೆನಪಾಗುತ್ತದೆ.

ಹ್ಯಾಸ್ಕೆಲ್ ಎಂಬ ವೇಗದ ಬೌಲರ್ ಇದ್ದಾನೆ, ಆಸ್ಟ್ರೇಲಿಯಾದವನು. ಶಿವಮೂರ್ತಪ್ಪನವರಿಗೆ ಅವನೆಂದರೆ ಪ್ರಾಣ. ಅವನು ಓಡಿಬರುವಾಗ ರೇಡಿಯೋದಲ್ಲಿ ಜನರ ಸದ್ದು ಮೊದಲು ಏರುತ್ತದೆ, ಆಮೇಲೆ ಪೂರ್ತಿ ನಿಂತುಹೋಗುತ್ತದೆ. ಆ ನಿಂತ ಕ್ಷಣ ನನಗೂ ಇಷ್ಟ. ಒಂದು ಇನಿಂಗ್ಸಿನಲ್ಲಿ ಐದು ವಿಕೆಟ್ ಕಿತ್ತರೆ ಬೌಲರನಿಗೆ ದೊಡ್ಡ ಸಾಧನೆ. ಬ್ಯಾಟ್ಸ್‌ಮನ್ನನಿಗೆ ನೂರು ಹೊಡೆದ ಹಾಗೆ. ಹ್ಯಾಸ್ಕೆಲ್ ಅದನ್ನು ಇಪ್ಪತ್ತೇಳು ಸಲ ಮಾಡಿದ್ದಾನೆ. ಬೆರಳಿಗೆ ಹೊಲಿಗೆ ಹಾಕಿಸಿಕೊಂಡು ಒಂದು ಸಲ, ಲಾಹೋರಿನ ಬಿಸಿಲಲ್ಲಿ ಜ್ವರ ಇಟ್ಟುಕೊಂಡು ಒಂದು ಸಲ. ಮೂವತ್ತು ಮುಟ್ಟಿದರೆ ಅವನ ದೇಶದಲ್ಲಿ ಮತ್ತಾರೂ ಇಲ್ಲವಂತೆ.

ಅವನ ವಿಕೆಟ್ಟುಗಳನ್ನು ನಾನು ನಿಮ್ಮ ಎರಕದ ಶೆಡ್ಡಿನ ಲೆಕ್ಕದಲ್ಲಿ ಬರೆಯುತ್ತೇನೆ. ಚಿಕ್ಕವನಿದ್ದಾಗ ನಿಮಗೆ ಬುತ್ತಿ ತರುತ್ತಿದ್ದೆನಲ್ಲ, ಕಂಬದ ಮೇಲೆ ನೋಡಿದ್ದೆ: ನಾಲ್ಕು ನೆಟ್ಟಗೆರೆ, ಐದನೆಯದು ಅವುಗಳ ಮೇಲೆ ಅಡ್ಡ. ಹಲಗೆಯ ಕೆಳಗಡೆ ಅಂಥ ಇಪ್ಪತ್ತೇಳು ಕಟ್ಟುಗಳಿವೆ. ನಾಲ್ಕೇ ವಿಕೆಟ್ ಬಿದ್ದು ಇನಿಂಗ್ಸ್ ಮುಗಿದರೆ ಆ ನಾಲ್ಕೂ ಗೆರೆ ಒರೆಸುತ್ತೇನೆ. ಶಿವಮೂರ್ತಪ್ಪನವರಿಗೆ ಹೊಟ್ಟೆ ಉರಿಯುತ್ತದೆ, ಆದರೂ ಒರೆಸುತ್ತೇನೆ.

ಅಮ್ಮನಿಗೆ, ಕವನಳಿಗೆ ಹೇಳಿ.

ಯೋಗರಾಜ


ಭದ್ರಾವತಿ
2-12-1996

ಪ್ರೀತಿಯ ಅಣ್ಣ,

ಕಾಗದ ಬಂದ ದಿನ ಅಮ್ಮ ಅದನ್ನು ನನ್ನ ಕೈಲಿ ಮೂರು ಸಲ ಓದಿಸಿದಳು. ಬೆಸುಗೆ ಎಂದರೆ ಕಣ್ಣು ಹೋಗುತ್ತದಾ ಎಂದು ಕೇಳಿದಳು. ಹೋಗಲ್ಲ ಎಂದಿದ್ದೇನೆ. ಹೋಗುತ್ತದಾ?

ಅಪ್ಪ ಶಿಫ್ಟ್ ಮುಗಿಸಿ ಬಂದು ತಾವೇ ಓದಿಕೊಂಡರು. ಗಡಿಯಾರದ ಬಗ್ಗೆ ಏನೂ ಹೇಳಲಿಲ್ಲ. ಊಟದ ನಡುವೆ ತಟ್ಟನೆ ಕೈ ನಿಲ್ಲಿಸಿ, "ಅಡ್ಡಗೆರೆ ಮೊದ್ಲೇ ಎಳೀಬೇಡ ಅಂತ ಬರಿ ಅವ್ನಿಗೆ" ಎಂದರು. ಯಾಕೆ ಅಂತ ಕೇಳಿದೆ. ನಿನಗೆ ಗೊತ್ತಲ್ಲ, ಅಪ್ಪನಿಂದ ಮಾತು ಹೊರಡಿಸುವುದು ಬಾವಿಯಿಂದ ಕೊಡ ತೆಗೆದ ಹಾಗೆ.

ಕೊನೆಗೆ ಹೇಳಿದ್ದು ಇಷ್ಟು. ಕರಗಿದ ಕಬ್ಬಿಣದ ದೊಡ್ಡ ಬಾನಿಯಿಂದ ಒಂದು ಸಲ ಅಚ್ಚಿಗೆ ಹೊಯ್ದರೆ ಕಂಬದ ಮೇಲೆ ಒಂದು ಗೆರೆ. ಐದು ಸಲ ಹೊಯ್ದ ಮೇಲೆ ಬಾನಿ ಬದಲಾಯಿಸಬೇಕು, ಕ್ರೇನು ಅದನ್ನು ಅಚ್ಚಿನ ಗುಂಡಿಯ ಮೇಲೇ ದಾಟಿಸಿಕೊಂಡು ಹೋಗುತ್ತದೆ. ಆಗ ಗುಂಡಿಯಲ್ಲಿ ಒಬ್ಬರೂ ಇರಬಾರದು. ಅದಕ್ಕೆ ಐದನೆಯದನ್ನು ಹೊಯ್ದ ಕೂಡಲೇ ಗೆರೆ ಎಳೆಯುವುದಿಲ್ಲ. ಎಲ್ಲರೂ ಮೇಲೆ ಹತ್ತಿ ಬಂದಿದ್ದನ್ನು ಕಣ್ಣಾರೆ ನೋಡಿ ಆಮೇಲೆ ಎಳೆಯುತ್ತಾರೆ. ಸದ್ದಿನಲ್ಲಿ ಕೂಗಿದರೆ ಕೇಳಿಸುವುದಿಲ್ಲವಲ್ಲ, ಕ್ರೇನಿನವನು ಆ ಅಡ್ಡಗೆರೆ ನೋಡಿಯೇ ಹೊರಡುವುದು. ಒಬ್ಬ ಹೋದದ್ದೂ ಅಲ್ಲೇ ಎಂದರು. ಯಾರು ಎಂದು ಕೇಳಿದ್ದಕ್ಕೆ ಮಜ್ಜಿಗೆ ಹಾಕು ಎಂದರು.

ಕ್ರಿಕೆಟ್ಟಿಗೂ ಇದಕ್ಕೂ ಏನು ಸಂಬಂಧ ಎಂದು ನನಗೆ ತಿಳಿಯಲಿಲ್ಲ. ಆದರೂ ಹೇಳಿದ್ದನ್ನು ಬರೆದಿದ್ದೇನೆ.

ನಿನ್ನ ತಂಗಿ
ಕವನ


ಶಿವಮೊಗ್ಗ
21-12-1996

ಕವನ,

ಇದನ್ನು ಅಪ್ಪನಿಗೂ ಓದಿ ಹೇಳು.

ನಿನ್ನೆ ಬೆಳಿಗ್ಗೆ ಹ್ಯಾಸ್ಕೆಲ್ ಬೌಲಿಂಗ್ ಮಾಡುತ್ತಿದ್ದ. ನಾಲ್ಕು ವಿಕೆಟ್ ಬಿದ್ದಿದ್ದವು, ನಾಲ್ಕು ಗೆರೆ ಎಳೆದಿದ್ದೆ. ಒಳಗೆ ರೇಡಿಯೋ ಮುಂದೆ ಕೂತಿದ್ದೆ. ಹೊರಗೆ ಜನ ಚಪ್ಪಾಳೆ ತಟ್ಟಿದರು. ಇವರಿಗೆ ಯಾರು ಹೇಳಿದರು ಎಂದು ಹೊರಗೆ ಬಂದರೆ, ನಾಲ್ಕು ಗೆರೆಗಳ ಮೇಲೆ ಅಡ್ಡಗೆರೆ ಇತ್ತು.

ನಾನು ಎಳೆದದ್ದಲ್ಲ. ಸೀಮೆಸುಣ್ಣ ನನ್ನ ಅಂಗಿಯ ಜೇಬಿನಲ್ಲಿತ್ತು. ಇನ್ನೂ ನಾಲ್ಕೇ, ಇದು ಸುಳ್ಳು ಎಂದು ಬಟ್ಟೆ ತೆಗೆದುಕೊಂಡೆ. ಒರೆಸುವುದರೊಳಗೆ ಒಳಗಿನಿಂದ ಶಿವಮೂರ್ತಪ್ಪನವರು ಕೂಗಿದರು: ಐದನೆಯವನು ಬೌಲ್ಡ್.

ಬಸ್ಸಿಗೆ ಕಾಯುತ್ತಿದ್ದ ಕಾಲೇಜು ಹುಡುಗರಿಂದ ಹಿಡಿದು ಹಾಲಿನವರವರೆಗೆ ಎಲ್ಲರೂ ನನ್ನ ಬೆನ್ನು ತಟ್ಟಿದರು. ಯಾರು ಎಳೆದದ್ದು ಎಂದು ಒಬ್ಬೊಬ್ಬರನ್ನೂ ಕೇಳಿದೆ. ಎಲ್ಲರೂ ಹಲಗೆಯ ಕಡೆಗೇ ಮುಖ ಮಾಡಿ ನಿಂತಿದ್ದವರು. ಒಬ್ಬರೂ ನೋಡಿಲ್ಲ. ಒಂದು ಗಳಿಗೆ ಇರಲಿಲ್ಲ, ಮರುಗಳಿಗೆ ಇತ್ತು, ಅಷ್ಟೆ ಎಂದರು. ಹೊಳಲೂರಿನಿಂದ ಸೊಪ್ಪು ತರುವ ಮಹಾಂತಮ್ಮ ಎನ್ನುವವರು ಮಾತ್ರ ತಮ್ಮ ಬುಟ್ಟಿ ಎತ್ತಿಕೊಂಡು ರಸ್ತೆಯ ಆಚೆ ಬದಿಗೆ ಹೋಗಿ ಕೂತರು. ಇವತ್ತೂ ಅಲ್ಲೇ ಕೂತಿದ್ದಾರೆ.

ಶಿವಮೂರ್ತಪ್ಪನವರು ಯಾರೋ ತರಲೆಗಳು ಮಾಡಿದ್ದು ಬಿಡು ಎಂದರು. ಬಿಟ್ಟಿದ್ದೇನೆ. ಆದರೆ ಅಪ್ಪ ಅಡ್ಡಗೆರೆ ಮೊದಲೇ ಎಳೆಯಬೇಡ ಎಂದಿದ್ದರಲ್ಲ, ನಾನು ಎಳೆದಿಲ್ಲ ಎಂದು ಅವರಿಗೆ ಹೇಳು.

ಕಣ್ಣು ಚೆನ್ನಾಗಿದೆ ಎಂದು ಅಮ್ಮನಿಗೆ ಹೇಳು.

ಯೋಗರಾಜ


ಶಿವಮೊಗ್ಗ
14-1-1997

ಅಪ್ಪನಿಗೆ ನಮಸ್ಕಾರ.

ಸಂಕ್ರಾಂತಿಗೆ ಬರಲಿಲ್ಲ. ಬಂದರೆ ಮೊದಲ ಮಾತೇ ಹೆಡ್‌ಮಾಸ್ಟರದ್ದಾಗುತ್ತದೆ ಎಂದು ಬರಲಿಲ್ಲ. ಕವನ ಕಳಿಸಿದ ಎಳ್ಳು ಬೆಲ್ಲ ತಲುಪಿದೆ.

ಮತ್ತೆ ಆಯಿತು. ಈ ಸಲ ನಾಲ್ಕು ಗೆರೆ ಎಳೆದ ಮೇಲೆ ಕರೆಂಟು ಹೋಗಿತ್ತು. ರೇಡಿಯೋಕ್ಕೆ ಸೆಲ್ ಹಾಕುತ್ತಿದ್ದೆವು, ಅಂಗಡಿಯಲ್ಲಿ ಯಾರಿಗೂ ಸ್ಕೋರು ಗೊತ್ತಿರಲಿಲ್ಲ. ಹೊರಗೆ ಅಡ್ಡಗೆರೆ ಬಿದ್ದಿತ್ತು. ರೇಡಿಯೋ ಹತ್ತಿದಾಗ ಹ್ಯಾಸ್ಕೆಲ್ ತನ್ನ ಓಟ ಶುರುಮಾಡಿದ್ದ. ಆ ಸದ್ದು ಏರಿತು, ನಿಂತಿತು. ಆ ನಿಂತ ಕ್ಷಣದಲ್ಲಿ ನನ್ನ ಬೆನ್ನ ಹಿಂದೆ ಬಿಸಿ ಹತ್ತಿದ ಹಾಗಾಯಿತು. ಕುಲುಮೆಯ ಬಾಗಿಲು ತೆರೆದರೆ ಆಗುವಂಥ ಬಿಸಿ. ಬೆಳಗಿನ ಚಳಿಯಲ್ಲಿ ಶಿವಮೂರ್ತಪ್ಪನವರು ಮಫ್ಲರ್ ಬಿಚ್ಚಿದರು. ಆಮೇಲೆ ಐದನೆಯ ವಿಕೆಟ್ ಬಿತ್ತು. ಈಗ ಇಪ್ಪತ್ತೊಂಬತ್ತು ಕಟ್ಟು.

ಜಂಬಣ್ಣ ಎನ್ನುವವನು ಈಗ ದಿನಾ ಬರುತ್ತಾನೆ. ಬಾಜಿ ಕಟ್ಟಿಸುವವನು. ನನ್ನನ್ನು ಟೀ ಅಂಗಡಿಗೆ ಕರೆದು ಕೂರಿಸಿ, "ನಿಂಗೆ ಯಾವ ಫೋನಿಂದ ಬರುತ್ತೆ ಸುದ್ದಿ, ಹೇಳು ಮಾರಾಯ, ಇಬ್ರೂ ಬದುಕೋಣ" ಎಂದ. ಸುದ್ದಿ ಬರುವುದಿಲ್ಲ, ಗೆರೆ ಎಳೆಯುವವನು ನಾನಲ್ಲ, ಯಾರೆಂದು ಗೊತ್ತಿಲ್ಲ ಎಂದೆ. "ಅಪ್ಪನ ಹತ್ರನೂ ಹಿಂಗೇ ಸುಳ್ಳು ಹೇಳ್ತೀಯಾ?" ಎಂದು ನಕ್ಕ. ಟೀ ಅಲ್ಲೇ ಬಿಟ್ಟು ಎದ್ದು ಬಂದೆ.

ಒಂದು ವಿಷಯ ಗಮನಿಸಿದ್ದೇನೆ. ನಾನು ಅಡ್ಡಗೆರೆಯನ್ನು ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಎಳೆಯುತ್ತೇನೆ, ಬಲಗೈಯವರ ಕೈ ಹಾಗೇ ಹೋಗುತ್ತದೆ. ಈ ಎರಡು ಗೆರೆಗಳೂ ಉಲ್ಟಾ ಇವೆ, ಬಲಗಡೆ ಕೆಳಗಿನಿಂದ ಎಡಗಡೆ ಮೇಲಕ್ಕೆ. ಎಳೆದವರು ಎಡಚರು. ತುದಿಯಲ್ಲಿ ಸೀಮೆಸುಣ್ಣ ಒತ್ತಿ ಒಂದು ಸುತ್ತು ತಿರುಗಿಸಿದ್ದಾರೆ, ಅಲ್ಲಿ ಒಂದು ಚುಕ್ಕೆ ದಪ್ಪಗೆ ಕೂತಿದೆ. ನಿಮ್ಮ ಶೆಡ್ಡಿನಲ್ಲಿ ಯಾರಾದರೂ ಹೀಗೆ ಎಳೆಯುತ್ತಾರೆಯೇ?

ಯೋಗರಾಜ


ಭದ್ರಾವತಿ
20-1-1997

ಚಿ. ಯೋಗರಾಜನಿಗೆ ಆಶೀರ್ವಾದ.

ನಾನು ಕಾಗದ ಬರೆಯುವವನಲ್ಲ. ಇದನ್ನು ಮನೆಯಲ್ಲಿ ಯಾರಿಗೂ ತೋರಿಸದೆ ಬರೆಯುತ್ತಿದ್ದೇನೆ.

ನಿನಗೆ ಸಿದ್ದಯ್ಯನ ವಿಷಯ ಯಾರು ಹೇಳಿದರು? ನಮ್ಮ ಶೆಡ್ಡಿನಲ್ಲಿ ಮೊದಲು ಗೆರೆ ಎಳೆಯುತ್ತಿದ್ದವನು ಅವನು. ಎಡಚ. ತುದಿಯಲ್ಲಿ ಒತ್ತಿ ತಿರುಗಿಸುತ್ತಿದ್ದದ್ದೂ ಅವನೇ. ನೀನು ಹುಟ್ಟುವುದಕ್ಕೆ ಮೊದಲೇ ತೀರಿಕೊಂಡ. ಅವತ್ತು ಐದು ಸಲ ಹೊಯ್ದಾಗಿತ್ತು, ಎಲ್ಲರೂ ಮೇಲೆ ಬಂದಿದ್ದೆವು, ಅವನೇ ಎಣಿಸಿ ಗೆರೆ ಎಳೆದ. ಎಳೆದ ಮೇಲೆ, "ತಡೀರಿ, ಕೆಳಗೆ ಇನ್ನೊಬ್ಬ ನಿಂತವ್ನೆ" ಎಂದು ಇಳಿದುಹೋದ. ಕೆಳಗೆ ಯಾರೂ ಇರಲಿಲ್ಲ. ಕ್ರೇನಿನವನು ಗೆರೆ ನೋಡಿ ಹೊರಟಿದ್ದ, ಬಾನಿಯಲ್ಲಿ ಉಳಿದಿದ್ದ ಕಬ್ಬಿಣ ಸಿದ್ದಯ್ಯನ ಮೇಲೆ ಚೆಲ್ಲಿತು. ಯಾರ ತಪ್ಪೂ ಅಲ್ಲ. ಅವತ್ತಿನಿಂದ ಸೀಮೆಸುಣ್ಣ ನನ್ನ ಕೈಗೆ ಬಂತು.

ಇದನ್ನು ನಾನು ನಿನ್ನ ಅಮ್ಮನಿಗೂ ಪೂರ್ತಿ ಹೇಳಿಲ್ಲ. ನೀನು ಶೆಡ್ಡಿನವರ ಬಾಯಲ್ಲಿ ಎಲ್ಲೋ ಕೇಳಿಕೊಂಡು ಈಗ ಕಥೆ ಕಟ್ಟುತ್ತಿದ್ದೀಯ. ಮಾಡಿದ್ದನ್ನು ಮಾಡಿದೆ ಎನ್ನಲು ನಿನಗೆ ಆಗುವುದಿಲ್ಲ, ಅದು ನಿನ್ನ ಗುಣ. ಸತ್ತವರನ್ನು ಆಟಕ್ಕೆ ಎಳೆಯಬೇಡ. ಹಲಗೆ ಬರೆಯುವುದು ಬಿಟ್ಟು ಮನೆಗೆ ಬಾ.

ನಾಗಯ್ಯ


ಶಿವಮೊಗ್ಗ
23-1-1997

ಅಪ್ಪನಿಗೆ.

ಸಿದ್ದಯ್ಯನವರ ಹೆಸರನ್ನು ನಾನು ಮೊದಲ ಸಲ ನೋಡಿದ್ದು ನಿಮ್ಮ ಕಾಗದದಲ್ಲಿ.

ಆಣೆ ಮಾಡುವುದಿಲ್ಲ. ಆಣೆ ಇಟ್ಟರೆ ನಂಬುವವರು ಆಣೆಯನ್ನು ನಂಬುತ್ತಾರೆ, ನನ್ನನ್ನಲ್ಲ. ಬಂದು ನೋಡಿ. ಫೆಬ್ರವರಿ ಮೊದಲ ವಾರದ ಟೆಸ್ಟು ಹ್ಯಾಸ್ಕೆಲ್‌ನ ಕೊನೆಯ ಆಟ, ನಿವೃತ್ತಿ ಹೇಳಿಬಿಟ್ಟಿದ್ದಾನೆ. ಇನ್ನೊಂದು ಐದು ಕಿತ್ತರೆ ಮೂವತ್ತು. ಹಲಗೆಯ ಮುಂದೆ ನಿಂತು ನನ್ನ ಎರಡೂ ಕೈ ನೋಡುತ್ತಿರಿ. ನಾನೇ ಎಳೆದೆ ಎಂದು ನಿಮ್ಮ ಕಣ್ಣಿಗೆ ಕಂಡರೆ, ಅಲ್ಲಿಂದಲೇ ಹೆಡ್‌ಮಾಸ್ಟರ ಮನೆಗೆ ಬಂದು ನೀವು ಹೇಳಿದ ಮಾತು ಹೇಳುತ್ತೇನೆ. ಎಳೆದಿಲ್ಲ ಎಂದು ಕಂಡರೆ, ಇನ್ನು ಮೇಲೆ ನನ್ನ ಮಾತು ನಂಬಬೇಕು. ಇಷ್ಟೇ ನಾನು ಕೇಳುವುದು.

ಯೋಗರಾಜ


ಶಿವಮೊಗ್ಗ
10-2-1997

ಕವನ,

ಶುಕ್ರವಾರ ಅಪ್ಪ ಇಲ್ಲಿಗೆ ಬಂದಿದ್ದರು. ಮನೆಯಲ್ಲಿ ಹೇಳಿದ್ದಾರೋ ಇಲ್ಲವೋ ಗೊತ್ತಿಲ್ಲ, ಹೇಳಿರಲಿಕ್ಕಿಲ್ಲ. ಅವರಿಗೆ ಆ ದಿನ ಬೆಳಗಿನ ಶಿಫ್ಟ್ ಇತ್ತು. ಕೆಲಸಕ್ಕೆ ಹೊರಟವರು ಹಾಗೇ ಶಿವಮೊಗ್ಗದ ಬಸ್ಸು ಹತ್ತಿಬಿಟ್ಟಿದ್ದರು. ಖಾಕಿ ಅಂಗಿಯಲ್ಲೇ ಬಂದು ಹಲಗೆಯ ಎದುರು ನಿಂತರು. ಕೂರಿ ಎಂದರೆ ಕೂರಲಿಲ್ಲ. ಶಿವಮೂರ್ತಪ್ಪನವರು ಟೀ ತರಿಸಿದರು, ಅದನ್ನು ಕೈಯಲ್ಲಿ ಹಿಡಿದೇ ಇದ್ದರು.

ಜನ ರಸ್ತೆಯವರೆಗೂ ನಿಂತಿದ್ದರು. ಜಂಬಣ್ಣ ತನ್ನ ಕಡೆಯವರನ್ನೆಲ್ಲ ಕರೆತಂದಿದ್ದ. ಒಂಬತ್ತರ ಹೊತ್ತಿಗೆ ಹ್ಯಾಸ್ಕೆಲ್‌ಗೆ ನಾಲ್ಕು ವಿಕೆಟ್ ಆದವು. ನಾಲ್ಕನೆಯ ಗೆರೆ ಎಳೆದು, ಸೀಮೆಸುಣ್ಣವನ್ನು ಅಪ್ಪನ ಕೈಗೆ ಕೊಟ್ಟೆ. ರೇಡಿಯೋ ಹೊರಗೆ ತಂದಿಟ್ಟಿದ್ದೆವು. ನಾನು ಅಪ್ಪನ ಪಕ್ಕದಲ್ಲಿ, ಕೈ ಕಟ್ಟಿಕೊಂಡು.

ರೇಡಿಯೋದಲ್ಲಿ ಜನರ ಸದ್ದು ಏರಿತು. ಅವನು ಓಡಿಬರುತ್ತಿದ್ದ. ಸದ್ದು ನಿಂತಿತು.

ನಾನು ನೋಡುತ್ತಿದ್ದೆ ಕವನ. ಗೆರೆ ಒಮ್ಮೆಲೇ ಬರಲಿಲ್ಲ. ಬಲಗಡೆ ಕೆಳಗಿನಿಂದ ಶುರುವಾಗಿ, ಅವಸರವಿಲ್ಲದೆ, ನಾಲ್ಕು ಗೆರೆಗಳನ್ನು ಒಂದೊಂದಾಗಿ ದಾಟಿಕೊಂಡು ಮೇಲಕ್ಕೆ ಹೋಯಿತು. ಸೀಮೆಸುಣ್ಣದ ಪುಡಿ ಉದುರಿದ್ದು ಕಂಡಿತು. ತುದಿಯಲ್ಲಿ ನಿಂತು ಒತ್ತಿತು, ತಿರುಗಿತು. ಕೈ ಮಾತ್ರ ಇರಲಿಲ್ಲ. ಅಪ್ಪನ ಲೋಟದಿಂದ ಟೀ ಚೆಲ್ಲಿ ಅವರ ಪಾದದ ಮೇಲೆ ಬಿತ್ತು, ಅವರಿಗೆ ಗೊತ್ತೇ ಆಗಲಿಲ್ಲ.

ಜನ ಕುಣಿಯತೊಡಗಿದರು. ಅವರು ರೇಡಿಯೋ ಕೇಳಿಸಿಕೊಳ್ಳಲಿಲ್ಲ. ಹ್ಯಾಸ್ಕೆಲ್ ಚೆಂಡು ಎಸೆಯುವ ಮೊದಲೇ ತೊಡೆ ಹಿಡಿದುಕೊಂಡು ಕುಸಿದಿದ್ದ. ಅವನನ್ನು ಎತ್ತಿಕೊಂಡು ಹೋದರು. ಮತ್ತೆ ಅವನು ಬರಲಿಲ್ಲ. ನಾಲ್ಕೇ ವಿಕೆಟ್ಟು. ಇಪ್ಪತ್ತೊಂಬತ್ತಕ್ಕೆ ಅವನ ಲೆಕ್ಕ ಮುಗಿಯಿತು.

ಹಲಗೆ ಮೊದಲ ಸಲ ಸುಳ್ಳಾಗಿತ್ತು. ಜಂಬಣ್ಣ ನನ್ನ ಕಾಲರ್ ಹಿಡಿದ. "ಬೇಕಂತ್ಲೇ ಮುಳುಗಿಸ್ದಲ್ಲೋ, ಕಳ್ಳ" ಎಂದ. ಅಪ್ಪ ಅವನ ಮಣಿಕಟ್ಟು ಹಿಡಿದು ಬಿಡಿಸಿದರು. ಅವರ ಕೈ ನಿನಗೆ ಗೊತ್ತು, ಬಿಸಿ ಇಕ್ಕಳ ಹಿಡಿಯುವ ಕೈ.

"ನನ್ನ ಮಗ ಎಳೆದಿಲ್ಲ. ನಾನು ನೋಡ್ತಾ ಇದ್ದೆ," ಎಂದರು.

ಹಾಗಾದರೆ ಎಳೆದದ್ದು ಯಾರು ಎಂದು ಜಂಬಣ್ಣ ಕೇಳಿದ. ಅಪ್ಪ ಅವನ ಕಡೆ ತಿರುಗದೆ ಹಲಗೆಯನ್ನೇ ನೋಡುತ್ತಿದ್ದರು. ನಾಲ್ಕೇ ಆಗಿದೆ, ಒರೆಸಬೇಕು ಎಂದು ನಾನು ಬಟ್ಟೆ ಎತ್ತಿದೆ. "ಬ್ಯಾಡ, ಇರ್ಲಿ. ಅದು ಈ ಆಟದ್ದಲ್ಲ" ಎಂದು ನನ್ನ ಕೈ ಹಿಡಿದುಕೊಂಡರು. ಅವರ ಮುಖ ಬೂದಿಯ ಬಣ್ಣವಾಗಿತ್ತು. ಬಸ್‌ ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಬಸ್ಸು ಹತ್ತುವಾಗ, ಗಂಟೆ ಎಷ್ಟಾಗಿತ್ತು ಗೆರೆ ಬಿದ್ದಾಗ ಎಂದು ಕೇಳಿದರು.

ಮನೆಗೆ ಸರಿಯಾಗಿ ಬಂದರಾ? ಮೂರು ದಿನವಾಯಿತು, ಒಂದು ಸುದ್ದಿಯಿಲ್ಲ. ಕೂಡಲೇ ಬರಿ.

ಅಣ್ಣ


ಭದ್ರಾವತಿ
14-2-1997

ಚಿ. ಯೋಗರಾಜನಿಗೆ,

ನಾನು ಚೆನ್ನಾಗಿದ್ದೇನೆ. ನೀನು ಕವನಳಿಗೆ ಬರೆದದ್ದನ್ನು ಓದಿದೆ. ಉತ್ತರ ನಾನೇ ಬರೆಯುತ್ತೇನೆ ಎಂದು ಅವಳಿಗೆ ಹೇಳಿದೆ.

ಶುಕ್ರವಾರ ಮಧ್ಯಾಹ್ನ ಬಸ್ಸಿಳಿದು, ರಜೆ ಹೇಳದೆ ಹೋದದ್ದಕ್ಕೆ ಬೈಸಿಕೊಳ್ಳೋಣ ಎಂದು ಶೆಡ್ಡಿಗೇ ಹೋದೆ. ಗೇಟಿನಲ್ಲಿ ಜನ ಸೇರಿದ್ದರು. ನನ್ನನ್ನು ಕಂಡು ಓಡಿಬಂದು ಎತ್ತಿಕೊಂಡರು. ಒಬ್ಬ ಕಾಲು ಮುಟ್ಟಿದ.

ಅವರು ಹೇಳಿದ್ದು ಹೀಗೆ. ಬೆಳಿಗ್ಗೆ ನಾಲ್ಕು ಸಲ ಹೊಯ್ದಿದ್ದರಂತೆ. ಐದನೆಯ ಸಲಕ್ಕೆ ಬಾನಿ ಇನ್ನೂ ಕ್ರೇನಿನಲ್ಲಿ ಬರುತ್ತಿತ್ತಂತೆ. ಆಗ ನಾನು ಕಂಬದ ಮೇಲೆ ಅಡ್ಡಗೆರೆ ಎಳೆದುಬಿಟ್ಟೆನಂತೆ. ನಾಲ್ಕಕ್ಕೇ ಗೆರೆ ಎಳೆದಿದ್ದಾನಲ್ಲ, ನಾಗಯ್ಯನಿಗೆ ತಲೆ ಕೆಟ್ಟಿದೆಯಾ ಎಂದು ಗುಂಡಿಯಲ್ಲಿದ್ದವರೆಲ್ಲ ಜಗಳಕ್ಕೆ ಮೇಲೆ ಹತ್ತಿದರಂತೆ. ಕೊನೆಯವನು ಮೇಲೆ ಬಂದದ್ದೇ, ಸರಪಳಿ ಜಾರಿ ತುಂಬಿದ ಬಾನಿ ಗುಂಡಿಯ ಮೇಲೆ ಮಗುಚಿತಂತೆ. ಗುಂಡಿಯನ್ನು ನಾನು ನೋಡಿದೆ. ಅಲ್ಲಿ ಒಬ್ಬನ ಮೂಳೆಯೂ ಸಿಗುತ್ತಿರಲಿಲ್ಲ.

ಆಗ ಒಂಬತ್ತು ಗಂಟೆ ದಾಟಿತ್ತು. ಕಂಬದ ಗೆರೆ ಹೇಗಿದೆ ಎಂದು ನಿನಗೆ ಹೇಳಬೇಕಾಗಿಲ್ಲ.

ನಾನು ಇಲ್ಲಿರಲಿಲ್ಲ, ಶಿವಮೊಗ್ಗದಲ್ಲಿದ್ದೆ ಎಂದೆ. ನಕ್ಕರು. ಒಳಗೆ ಹೋಗುವಾಗ ತೂಗುಹಾಕುವ ನಿನ್ನ ಹಾಜರಿ ಬಿಲ್ಲೆ ಗೇಟಿನ ಮೊಳೆಯಲ್ಲೇ ಇತ್ತು, ನಾವೇ ನೋಡಿದ್ದೇವೆ ಎಂದರು. ಬಿಲ್ಲೆ ನನ್ನ ಜೇಬಿನಲ್ಲಿತ್ತು. ತೆಗೆದು ತೋರಿಸಿದೆ. ಆಮೇಲೆ ತಗೊಂಡು ಹಾಕಿಕೊಂಡಿರ್ತೀಯ ಎಂದರು. ನನ್ನ ಮುಖ ನೋಡಿದಿರಾ ಎಂದು ಕೇಳಿದೆ. ಹೊಗೆಯಲ್ಲಿ, ಬೆಂಕಿಯ ಎದುರು, ಯಾರ ಮುಖ ಕಾಣುತ್ತದೆ ಎಂದರು. ಕ್ರೇನಿನವನು ಮಾತ್ರ, ಇವತ್ತು ಎಡಗೈಲಿ ಎಳೆದೆಯಲ್ಲ ಯಾಕೆ ಎಂದು ಕೇಳಿದ.

ಮ್ಯಾನೇಜರು ಸಭೆ ಕರೆದು ಶಾಲು ಹೊದಿಸುತ್ತಾರಂತೆ. ಅಪಾಯ ಮೊದಲೇ ಕಂಡು ಗೆರೆ ಎಳೆದೆ ಎಂದು ಬರೆದ ಕಾಗದ ಸಿದ್ಧವಾಗಿದೆ, ನನ್ನ ಸಹಿಯೊಂದು ಬೇಕು. ನಿನ್ನ ಅಮ್ಮನೂ ಹಾಕಿಬಿಡಿ ಎನ್ನುತ್ತಾಳೆ. ಒಳ್ಳೆಯದನ್ನು ಒಪ್ಪಿಕೊಳ್ಳಲು ಏನು ಕಷ್ಟ ಎಂದು ಎಲ್ಲರೂ ಕೇಳುತ್ತಾರೆ. ಶೆಡ್ಡಿನ ಮುಂದೆ ನಾನು ಹಾದರೆ ಬೆರಳನ್ನು ತಲೆಯ ಹತ್ತಿರ ತಿರುಗಿಸಿ ತೋರಿಸುವವರೂ ಇದ್ದಾರೆ.

ನಾನು ಸಹಿ ಹಾಕಿಲ್ಲ. ಹಾಕುವುದಿಲ್ಲ. ಆ ಕೆಲಸ ಮಾಡಿದವನು ಬೇರೆ, ಅವನ ಶಾಲನ್ನು ನಾನು ಹೊದೆಯುವುದು ಹೇಗೆ? ಮಾಡದ್ದನ್ನು ಮಾಡಿದೆ ಎನ್ನಲು ನಾಲಿಗೆ ಏಳುವುದಿಲ್ಲ, ಯೋಗಿ. ಐವತ್ತು ವರ್ಷದವನಿಗೇ ಏಳುವುದಿಲ್ಲ. ಹದಿನಾರರ ನಿನಗೆ ಏಳಲಿ ಎಂದು ನಾನು ಹಟ ಹಿಡಿದಿದ್ದೆ. ಗಡಿಯಾರದ ವಿಷಯ ಕದ್ದಿದ್ದೀಯಾ ಎಂದು ಆಗ ಕೇಳಲಿಲ್ಲ. ಈಗ ಕೇಳಬೇಕಾಗಿಲ್ಲ.

ಬುಧವಾರ ಬೆಳಿಗ್ಗೆ ಮ್ಯಾನೇಜರ ಮುಂದೆ ಹೋಗಬೇಕು. ಗೆರೆ ಬಿದ್ದ ಹೊತ್ತಿನಲ್ಲಿ ನಾನು ನಿನ್ನ ಪಕ್ಕದಲ್ಲಿ ನಿಂತಿದ್ದೆ ಎಂದು ಹೇಳಲು ನನಗೆ ಇರುವವನು ನೀನೊಬ್ಬ. ಕಂಡದ್ದನ್ನು ಕಂಡಷ್ಟೇ ಹೇಳು. ನಗುತ್ತಾರೆ, ನಗಲಿ.

ಮೊದಲ ಬಸ್ಸಿಗೆ ಬಂದುಬಿಡು. ಗೇಟಿನ ಹೊರಗೆ ಕಾಯುತ್ತಿರುತ್ತೇನೆ, ಇಬ್ಬರೂ ಜೊತೆಗೇ ಒಳಗೆ ಹೋಗೋಣ. ಒಬ್ಬನೇ ಹೋಗಲು ನನಗೆ ಧೈರ್ಯವಿಲ್ಲ. ನಿನ್ನೆಯೂ ಹೋಗಿದ್ದೆ. ಕಾವಲಿನವನು ನನ್ನನ್ನು ತಡೆದು, "ಇದೇನ್ ನಾಗಯ್ಯ, ಈಗ್ತಾನೆ ಒಳಗೆ ಹೋದ್ಯಲ್ಲ" ಎಂದ.

ನಿನ್ನ ಅಪ್ಪ
ನಾಗಯ್ಯ